ಆಲಿಕಲ್ಲಿನ ಲೆಕ್ಕ

ಆಲಿಕಲ್ಲು ಬಿದ್ದ ಮೂರನೆಯ ದಿನ
ಟೆಕ್ಸಾಸಿನ ಮೆಕಿನ್ನಿಯ ಆ ಬೀದಿಗೆ ಏಣಿ ಹೊತ್ತು ಹೋದೆ.
ವಿಮೆ ಕಂಪನಿಗೆ ಬೇಕಾದ್ದು ಇಷ್ಟೇ:
ಹತ್ತಡಿ ಉದ್ದ, ಹತ್ತಡಿ ಅಗಲದ ಚೌಕದೊಳಗೆ
ಎಷ್ಟು ಪೆಟ್ಟು. ಒಂದೊಂದಕ್ಕೂ ಸೀಮೆಸುಣ್ಣದ ಸುತ್ತು,
ಆಮೇಲೊಂದು ಫೋಟೊ.
ಮನೆ ಚಂದವೋ ಅಲ್ಲವೋ ಎಂಬ ಕಲಮು
ನಮ್ಮ ಫಾರಂನಲ್ಲಿ ಇಲ್ಲ.

ಆದರೂ ಕಣ್ಣು ಕೇಳಬೇಕಲ್ಲ.
ಛಾವಣಿ ಹತ್ತಿ ನಿಂತವನಿಗೆ
ಮನೆ ಸುಳ್ಳು ಹೇಳಲಾರದು.
ಎಣಿಸಿದೆ: ಒಂದು ಸಂಸಾರಕ್ಕೆ ಹನ್ನೊಂದು ಮೊನೆ,
ಒಂದರ ಬೆನ್ನಿಗೊಂದು, ಫೋಟೊಗೆ ನಿಂತ ಬೀಗರ ಹಾಗೆ,
ಹಿಂದಿನವರು ತುದಿಗಾಲಲ್ಲಿ.
ನಡುವೆ ಇಕ್ಕಟ್ಟಿನ ಕಣಿವೆಗಳು. ಬಿದ್ದ ನೀರು
ಯಾವ ಕಡೆ ಹೋಗಲಿ ಎಂದು ಕೇಳುತ್ತ ನಿಂತು
ಕೊನೆಗೆ ಯಾರದೋ ಮಲಗುವ ಕೋಣೆಯ ಮೇಲೆ
ತೀರ್ಮಾನಕ್ಕೆ ಬರುತ್ತದೆ.

ಮುಂಗೋಡೆಗೆ ಕಲ್ಲು. ಮೂಲೆ ತಿರುಗಿದರೆ
ಗೇಣುದ್ದಕ್ಕೆ ಕಲ್ಲು ಮುಗಿದು ಪ್ಲಾಸ್ಟಿಕ್ ಹಲಗೆ,
ಮುಖಕ್ಕೆ ಪೌಡರು ಮೆತ್ತಿ ಕತ್ತು ಮರೆತ ಹಾಗೆ.
ಕಿಟಕಿಗಳ ಪಕ್ಕ ಕದಗಳು, ಗೋಡೆಗೇ ಮೊಳೆ ಹೊಡೆದವು,
ಯಾವ ಬಿರುಗಾಳಿಗೂ ಮುಚ್ಚವು;
ಮುಚ್ಚಿದರೂ ಅರ್ಧ ಕಿಟಕಿಗೆ ಸಾಲವು.
ಎರಡು ಮಹಡಿ ಎತ್ತರದ ನಾಲ್ಕು ಕಂಬ,
ಹೊತ್ತಿರುವುದು ಒಂದು ದೀಪ.
ಕಾರಿಗೆ ಮೂರು ಬಾಗಿಲು. ಮನುಷ್ಯರಿಗೆ ಒಂದು,
ಅದೂ ನೆರಳಲ್ಲಿ, ಕ್ಷಮೆ ಕೇಳುವಂತೆ.
ಮೂಲೆಗೊಂದು ಬುರುಜು. ಯಾವ ಶತ್ರುವಿಗೆ?
ಎದುರಿಗಿದ್ದದ್ದು ಹುಲ್ಲು ಕತ್ತರಿಸುವ ಹುಡುಗ.

ಪಕ್ಕದ್ದೂ ದೊಡ್ಡ ಮನೆಯೇ, ಇದರಷ್ಟೇ ದೊಡ್ಡದು.
ಆದರೆ ದನಿ ಎತ್ತದೆ ಮಾತಾಡುವವರು ಇರುತ್ತಾರಲ್ಲ.
ಒಂದೇ ಛಾವಣಿ. ಉದ್ದಕ್ಕೆ ಚಾಚಿದ ಸೂರು
ಬಿಸಿಲನ್ನು ಹೊಸ್ತಿಲಾಚೆಗೇ ನಿಲ್ಲಿಸಿತ್ತು.
ಕಿಟಕಿಯ ಕೆಳಗೆ ಕಿಟಕಿ.
ಮೊದಲಿನಿಂದ ಇದ್ದ ಓಕ್ ಮರಕ್ಕೆ ದಾರಿ ಬಿಟ್ಟು
ಗೋಡೆ ಒಂದು ಹೆಜ್ಜೆ ಹಿಂದೆ ಸರಿದಿತ್ತು.

ಇಳಿದಾಗ ಓಲೀಟಾ ಹ್ರುಸ್ಕಾ
ತಣ್ಣನೆ ಚಹಾದ ಲೋಟ ಹಿಡಿದು ನಿಂತಿದ್ದರು.
"ಹೇಗಿದೆ?"
"ಇಪ್ಪತ್ತಾರು ಪೆಟ್ಟು."
"ಛಾವಣಿ ಅಲ್ಲಪ್ಪ, ಮನೆ."
ನಾನು ಚಹಾ ಕುಡಿದೆ.

ನಕ್ಕರು. ಬೆರಳ ಗೆಣ್ಣಿನಿಂದ ಕಂಬ ತಟ್ಟಿದರು,
ಖಾಲಿ ಡಬ್ಬದ ಸದ್ದು.
"ನನಗೂ ಕಣ್ಣಿದೆ.
ನನ್ನ ಲೀಲೆಂಡ್ ನಲವತ್ತು ವರ್ಷ
ಕಂಡವರ ಮನೆಗೆ ಇಟ್ಟಿಗೆ ಇಟ್ಟ.
ಡಾಕ್ಟರ ಮನೆಯಲ್ಲಿ ನೋಡಿದ್ದು ಈ ಕಮಾನು,
ಬ್ಯಾಂಕಿನವನಲ್ಲಿ ಈ ಕಂಬ,
ಬುರುಜು ಎಣ್ಣೆಬಾವಿಯ ಒಡತಿಯದು.
ಊಟದ ಹೊತ್ತಿಗೆ ಅವರ ಮೆಟ್ಟಿಲ ಮೇಲೂ ಕೂತವನಲ್ಲ,
ಟ್ರಕ್ಕಿನ ಹಿಂಬದಿಯೇ.
ತನ್ನದು ಕಟ್ಟುವಾಗ, ಯಾವುದು ಬೇಕೋ ಆರಿಸು ಅಂದೆ.
ಒಂದನ್ನೂ ಬಿಡಲಾರೆ ಅಂದ."

ಹನ್ನೊಂದು ಮೊನೆಯನ್ನೂ ಮತ್ತೆ ಎಣಿಸಬೇಕೆನಿಸಿತು,
ಮನೆಗೊಂದರಂತೆ.
ಹಾಗೆಂದು ಚಂದವಾಯಿತೆ? ಇಲ್ಲ.
ಕತೆ ಕೇಳಿ ಕಂಬ ಭಾರ ಹೊರುವುದಿಲ್ಲ.

"ಹಿತ್ತಲಿಂದ ಹೋಗಿ, ಹತ್ತಿರ" ಅಂದರು.
ಹಿತ್ತಲಲ್ಲಿ ಐದು ಮೆಟ್ಟಿಲು, ಬರಿಯ ಇಟ್ಟಿಗೆ,
ಯಾರದನ್ನೂ ನೋಡಿ ಕಟ್ಟಿದ್ದಲ್ಲ.
ಹೆಗಲಲ್ಲಿ ಏಣಿ, ಕಣ್ಣು ಫೋನಿನ ಮೇಲೆ;
ಕಾಲಿಗೆ ಹುಲ್ಲು ತಾಗಿದಾಗ ತಿಳಿಯಿತು
ಇಳಿದೆ ಎಂದು.

ತಿರುಗಿ ಹೋಗಿ ಟೇಪು ಹಿಡಿದೆ.
ಐದಕ್ಕೂ ಒಂದೇ ಎತ್ತರ, ಕೂದಲೆಳೆ ಹೆಚ್ಚಿಲ್ಲ.
ನೀರು ನಿಲ್ಲದಷ್ಟು, ಅಷ್ಟು ಮಾತ್ರ, ಮುಂದಕ್ಕೆ ವಾಲು.
ಮೇಲಿನ ಮೆಟ್ಟಿಲ ಮೇಲೆ ಒಣಗಿದ ಚಹಾ ಕಲೆ,
ಲೋಟದ ಅಡಿಯಷ್ಟು ದುಂಡಗೆ,
ಮೊಳದಂತರದಲ್ಲಿ ಇನ್ನೊಂದು, ಮಾಸಿದ್ದು.

ಫಾರಂನ ಕೊನೆಯ ಸಾಲು ಖಾಲಿ ಇತ್ತು. ಬರೆದೆ:
ಹಿತ್ತಲ ಮೆಟ್ಟಿಲು. ಹಾನಿ ಇಲ್ಲ.