ಎರಡನೇ ವಿಷಲ್

ತಮ್ಮ ಏನು ಮಾಡ್ತಾರೆ ಮೇಡಂ, ಕೇಳಿದ ಜನಗಣತಿಯ ಹುಡುಗ.
ಹೊರದೇಶದಲ್ಲಿ ಕಂಡಕ್ಟರ್, ಅಂದೆ.
ಅಲ್ಲೂ ಬಸ್ಸಿಗೆ ಕಂಡಕ್ಟರ್ ಇರ್ತಾರಾ?
ನೀರು ಕೊಟ್ಟೆ. ವಿವರಿಸಲಿಲ್ಲ.
ನಮ್ಮಪ್ಪನೂ ಅದೇ, ವಂಶದ ಕಸುಬು ಅಂದುಬಿಟ್ಟೆ.
ಶ್ರೀರಾಮಪುರದ ನಾಲ್ಕನೇ ಕ್ರಾಸಿನಲ್ಲಿ
ಹಾಗನ್ನುವುದೇ ಸಲೀಸು.

ಅಪ್ಪನದು ಬಿಟಿಎಸ್ಸಿನ ಕೆಂಪು ಬಸ್ಸು,
ಮೆಜೆಸ್ಟಿಕ್ಕಿನಿಂದ ಕಾಕ್ಸ್‌ಟೌನಿಗೆ ದಿನಕ್ಕೆ ಎಂಟು ಟ್ರಿಪ್ಪು.
ತೊಗಲ ಚೀಲ, ಬೆರಳ ಸಂದಿಯಲ್ಲಿ ಉದ್ದಕ್ಕೆ ಮಡಿಸಿದ ನೋಟು,
ಕಿವಿಯ ಮೇಲೆ ಪೆನ್ಸಿಲ್ಲು.
ನಿಲ್ಲಲು ಒಂದು ವಿಷಲ್, ಹೊರಡಲು ಎರಡು.
ಆ ಎರಡರಲ್ಲಿ ಮೊದಲನೆಯದಕ್ಕೆ ಗೇರು, ಎರಡನೆಯದಕ್ಕೆ ಚಕ್ರ.
ನಮಗಿಬ್ಬರಿಗೂ ಅಆಇಈಗಿಂತ ಮೊದಲು ಬಂದ ಪಾಠ.

ಆ ರೂಟಿನಲ್ಲಿ ಮಿಸ್ ಮುರಿಯಲ್ ಹತ್ತುತ್ತಿದ್ದಳು,
ತಲೆಗೆ ವಾರೆ ಟೋಪಿ, ಕಂಕುಳಲ್ಲಿ ಪಿಟೀಲಿನ ಪೆಟ್ಟಿಗೆ.
ರೂಲ್ಸಿನ ಪ್ರಕಾರ ಪೆಟ್ಟಿಗೆಗೆ ಅರ್ಧ ಟಿಕೆಟ್ಟು.
ಮೂರು ವರ್ಷ ಅಪ್ಪ ಕೇಳಲಿಲ್ಲ.
ನಾಲ್ಕನೇ ವರ್ಷ ಅವಳೇ ಕೇಳಿದಳು,
"ಹೊನ್ನಯ್ಯಾ, ಮಕ್ಕಳ್ ಇದೆಯಾ?"
ಹಾಗೆ ನಮ್ಮ ಭುಜಂಗನ ಗದ್ದದಡಿ ಪಿಟೀಲು ಬಂದು ಕೂತಿತು.
ನನ್ನ ಕೈಯನ್ನೂ ನೋಡಿದಳು. ಬೆರಳು ಚೆನ್ನಾಗಿದೆ ಅಂದಳು.
ಪೆಟ್ಟಿಗೆ ಒಂದೇ ಇತ್ತು.

ಅಪ್ಪ ಡ್ಯೂಟಿಯಲ್ಲೇ ಹೋದ. ಅನುಕಂಪದ ನೌಕರಿ ನನಗೆ,
ಶಾಂತಿನಗರ ಡಿಪೋ, ಕ್ಯಾಶ್ ಸೆಕ್ಷನ್.
ಮೊದಲ ಪಿಎಫ್ ಸಾಲದಲ್ಲಿ ಭುಜಂಗ ವಿಮಾನ ಹತ್ತಿದ.
ಗ್ರಾತ್ಸ್‌ನಲ್ಲಿ ಓದು. ಆಮೇಲೆ ಯಾವುದೋ ಥಿಯೇಟರಿನಲ್ಲಿ
ಹಾಡುವವರ ತಾಲೀಮಿಗೆ ಪಿಯಾನೋ ಬಾರಿಸುತ್ತ ಹನ್ನೊಂದು ವರ್ಷ;
ದೊಡ್ಡವರಿಗೆ ಜ್ವರ ಬಂದ ದಿನ ಮಾತ್ರ ಇವನ ಕೈಗೆ ಕೋಲು.
ಆಮೇಲೆ ಬೆರ್ಗೆನ್, ಸ್ವಂತ ವಾದ್ಯವೃಂದ, ಪೇಪರಿನಲ್ಲಿ ಫೋಟೋ:
ಎರಡೂ ಕೈ ಚಾಚಿ, ಫುಟ್‌ಬೋರ್ಡಿನವರಿಗೆ
ಒಳಗೆ ಹೋಗಿ, ಒಳಗೆ ಹೋಗಿ ಅನ್ನುವ ಹಾಗೆ.

ಹೋದ ಆಷಾಢದಲ್ಲಿ ಫೋನು.
ಅಕ್ಕಯ್ಯ, ಹೊಸದೊಂದು ಬರೀತಿದೀನಿ, ಎಪ್ಪತ್ತು ಜನ ನುಡಿಸೋದು.
ಅಪ್ಪ ಹೊರಡೋಕೆ ಊದ್ತಿದ್ದನಲ್ಲ, ಆ ಎರಡು ವಿಷಲ್ ನಡುವೆ
ಎಷ್ಟು ಹೊತ್ತಿರ್ತಿತ್ತು?

ಯಾರನ್ನು ಕೇಳಲಿ. ಈಗಿನ ಬಸ್ಸಿನ ಬಾಗಿಲು ತಾನೇ ಮುಚ್ಚುತ್ತೆ.
ಮಾಗಡಿ ರೋಡಿನಲ್ಲಿ ಸಿಕ್ಕ ಅಪ್ಪನ ಡ್ರೈವರು ಮುನಿಶಾಮಪ್ಪ,
ಎರಡೂ ಕಣ್ಣಿಗೆ ಪೊರೆ, ಎಡಗಾಲು ಮಾತ್ರ ಇನ್ನೂ ಕ್ಲಚ್ಚಿನ ಮೇಲೆ.
"ಗಡಿಯಾರ ನೋಡ್ಕೊಂಡು ಊದ್ತಾರೇನಮ್ಮ?
ಹೂವಿನ ಬುಟ್ಟಿಯೋಳು ಹತ್ತುತಾ ಇದ್ರೆ ಬುಟ್ಟಿ ಒಳಕ್ಕೆ ಬರೋಗಂಟ.
ಬಸುರಿ ಇದ್ರೆ ಕೂರೋಗಂಟ.
ಯಾರೂ ಇಲ್ದಿದ್ರೆ ಇಲ್ಲವೇ ಇಲ್ಲ, ಟಕ್ ಟಕ್.
ನಾನು ಕನ್ನಡೀನೇ ನೋಡ್ತಿರ್ನಿಲ್ಲ. ಆ ಸಂದು ಕೇಳ್ತಿದ್ದೆ."
ಇದ್ದದ್ದು ಇದ್ದ ಹಾಗೇ ಟೈಪ್ ಮಾಡಿ ಕಳಿಸಿದೆ.
ಭುಜಂಗ ನಾಲ್ಕು ತಿಂಗಳು ಮಾತಾಡಲಿಲ್ಲ.

ಫೆಬ್ರವರಿಯ ಒಂದು ರಾತ್ರಿ, ಇಲ್ಲಿ ಹನ್ನೊಂದೂವರೆ,
ರಾಗಿ ಡಬ್ಬಕ್ಕೆ ಫೋನು ಒರಗಿಸಿಕೊಂಡು ನೋಡಿದೆ.
ಕಪ್ಪು ಕೋಟು. ನೆತ್ತಿಯಲ್ಲಿ ಅಪ್ಪನ ಬೋಳು.
ಎಲ್ಲಕ್ಕಿಂತ ಸಣ್ಣ ಕೊಳಲೊಂದು ಚೀರಿತು, ಒಮ್ಮೆ.
ಅವನ ಕೈ ಮೇಲೇ ನಿಂತಿತು.
ಎಪ್ಪತ್ತು ಜನ ಉಸಿರು ಹಿಡಿದು, ಕಮಾನು ಎತ್ತಿ.
ಯಾರೋ ಕೆಮ್ಮಿದರು.
ನೆಟ್ಟು ಹೋಯಿತೇನೋ ಅಂತ ಫೋನು ಅಲ್ಲಾಡಿಸಿದೆ.
ನೆಟ್ಟು ಇತ್ತು. ಅವನು ಎಡಕ್ಕೆ, ಬಾಗಿಲ ಕಡೆ ನೋಡುತ್ತಿದ್ದ.
ಯಾರು ಹತ್ತುವುದು ಬಾಕಿಯಿತ್ತೋ.

ಆಮೇಲೆ ಎರಡನೆಯದು.

ಬರೆದ ಪುಸ್ತಕ ಪೋಸ್ಟಿನಲ್ಲಿ ಬಂತು,
ಮೂರು ಸಾವಿರ ಕಸ್ಟಮ್ಸು ಕಟ್ಟಿಸಿಕೊಂಡು.
ಆ ಗೆರೆ, ಆ ಚುಕ್ಕಿ ಓದಲು ನನಗೆ ಬರುವುದಿಲ್ಲ.
ಕ್ಯಾಶ್ ಸೆಕ್ಷನ್ನಿನ ರೂಢಿ, ಹಿಂದೆ ತಿರುಗಿಸಿದೆ.
ಕೊನೆಯ ಹಾಳೆಯ ಬೆನ್ನಿಗೆ, ಪೆನ್ಸಿಲ್ಲಿನಲ್ಲಿ,
ಚಿಲ್ಲರೆ ಇಲ್ಲದಾಗ ಅಪ್ಪ ಟಿಕೆಟ್ಟಿನ ಹಿಂದೆ ಗೀಚುತ್ತಿದ್ದ ಹಾಗೆ,
ನನ್ನ ಪಿಎಫ್ ಸಾಲದ ಮೊತ್ತ, ಪೈಸೆ ಸಮೇತ.
ಸುತ್ತ ಒಂದು ಸೊನ್ನೆ.

ಲೆಕ್ಕ ಸರಿಯಾಗಿದೆ.
ಇಳಿಯುವಾಗ ಕೇಳ್ತೀನಿ.