ತಿದ್ದುಪಡಿ ಚೀಟಿ

ಭೂಗೋಳ ಸಂಶೋಧನಾ ಮಂಡಳಿಯ ಹದಿನಾಲ್ಕನೇ ಸಂಚಿಕೆ,
‘ಬೀದರಿನ ಸುರಂಗ ಬಾವಿಗಳು’,
ಅಚ್ಚಾಗಿ ಬಂದ ಮೂರನೇ ದಿನ
ನೌಬಾದಿನ ಝರೆಮ್ಮ ಮೆಟ್ಟಿಲೇರಿ ಬಂದಳು.

‘ಇಪ್ಪತ್ತೊಂದು ಬಾವಿ ಬರದೀರಂತ, ಮೊಮ್ಮಗಳು ಓದಿದಳು.
ನಮ್ಮದು ಎಲ್ಲಿ ಹೋತು?’

ನಕ್ಷೆ ಬರೆದ ಕಮರುದ್ದೀನ್ ಸಾಬರು ಕನ್ನಡಕ ಒರೆಸಿದರು.
ಟೇಪು ಹಿಡಿದವನು ನಾನು.
ಅಲ್ಲಿ ಮುಳ್ಳುಕಂಟಿ ಇತ್ತು, ಬಿಸಿಲಿತ್ತು,
ಹದಿನಾರಾದ ಮೇಲೆ ಹದಿನೇಳು ಎಂದು ಗೀಚಿ
ಚಹಾಕ್ಕೆ ನಡೆದಿದ್ದೆ.

ಮರುದಿನ ಅವಳೇ ಮುಂದೆ.
ಕಂಟಿ ಸರಿಸಿ ಕಲ್ಲೊಂದು ಎಸೆದಳು.
ಕೆಂಪು ಜಂಬಿಟ್ಟಿಗೆಯ ಗಂಟಲು
ಎಷ್ಟೋ ಹೊತ್ತು ಸುಮ್ಮನಿದ್ದು
ಆಮೇಲೆ, ಗುಳುಂ.

ಹೆಸರೇನು ಅಂದೆ, ಪೆನ್ನು ತೆಗೆದು.
‘ಬಾವಿಗೇನ ಹೆಸರು.
ನೀರಿಗೆ ಹೊಂಟೀನಿ ಅಂದ್ರ ಇದಕ್ಕೇ ಹೊಂಟೀನಿ ಅಂತ.’

ಈಗ ಮುನ್ನೂರು ಪ್ರತಿಗೆ ಮುನ್ನೂರು ಚೀಟಿ,
ಮೈದಾ ಅಂಟು, ಬೆರಳೆಲ್ಲ ಬಿಳಿ:
‘ಪುಟ ೩೮. ಹದಿನಾರು, ಹದಿನೇಳರ ನಡುವೆ
ಇನ್ನೊಂದು ಬಾವಿ ಇದೆಯೆಂದು ಓದಿಕೊಳ್ಳುವುದು.’

ಹಿಂದಿನ ಹದಿಮೂರು ಸಂಚಿಕೆ ಬೀರುವಿನಲ್ಲಿವೆ, ಅಚ್ಚುಕಟ್ಟಾಗಿ.
ಅವುಗಳಿಗಾಗಿ
ಯಾರೂ ಮೆಟ್ಟಿಲು ಹತ್ತಿ ಬಂದಿರಲಿಲ್ಲ.