ಟೆಂಪ್ ಸೊನ್ನೆ ಮೂರು

ಹಗಲೆಲ್ಲ ಮಂಡ್ಯದ ಕೋರ್ಟಿನೆದುರು ಜೆರಾಕ್ಸು:
ಪಹಣಿ, ಪೋಡಿ, ವಂಶವೃಕ್ಷ,
ಮೂರು ಸೆಟ್ಟು, ಪಿನ್ನು ಹೊಡೆದು.
ಶಟರ್ ಅರ್ಧ ಎಳೆದ ಮೇಲೆ
ನನ್ನದೇ ಒಂದು ಸೀಮೆ ಇದೆ,
ಮೇಜಿನಡಿಯ ಹಳೇ ಸಿಪಿಯುನಲ್ಲಿ
ಹನ್ನೊಂದು ಜನ ಆಡುವ ರಾಜ್ಯ.

ಆಟ ಬೇರೆಯವರದು. ಅದರೊಳಗಿನ
ಆಲೆಮನೆ, ಅದರ ಹೊಗೆ, ನಾಲೆಯ ತೂಬು,
ಕೊಂಬು ಮುರಿದ ರಾಕ್ಷಸ, ಅವನ ಎಮ್ಮೆ
ನಮ್ಮವು. ಆರು ವರ್ಷದಿಂದ
ಯಾರ್ಯಾರೋ ಮಾಡಿ ಕಳಿಸಿದ್ದು,
ಬಂದ ಬಂದ ಹಾಗೆ ನಾನು ತುರುಕಿದ್ದು:
ನಾಲ್ಕು ಸಾವಿರದ ಇನ್ನೂರು ಕಡತ
ಒಂದೇ ಫೋಲ್ಡರಿನಲ್ಲಿ.

ಈ ಭಾನುವಾರ ಕೂತೆ.
ಬಾಗಿಲುಗಳು ಒಂದು ಕಡೆ, ಬಟ್ಟೆಬರೆ ಒಂದು ಕಡೆ,
ಕಪ್ಪೆಯ ಸದ್ದು ಕೊಡಲಿಯ ಸದ್ದು ಇನ್ನೊಂದು ಕಡೆ.
ಹೆಸರಿಗೆ ಹದಿನಾರೇ ಅಕ್ಷರ, ಆಟದ ಕಟ್ಟಳೆ;
‘ಕಾಳೇಗೌಡನ ದೊಡ್ಡ ಬಾಗಿಲು ಹೊಸದು’
ಬಾಲ ಮೂತಿ ಕತ್ತರಿಸಿಕೊಂಡು ಒಳಗೆ ಬಂತು.
ಒಂದೇ ಹೆಸರಿನವರು ಇಬ್ಬರಿದ್ದರೆ
ಪಟ್ಟಿಯಲ್ಲಿ ಮೇಲಿದ್ದವನೇ ನಿಜ,
ಕೆಳಗಿನವನು ಇದ್ದೂ ಇಲ್ಲ.
ಇದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ,
ಖಾತೆ ಬದಲಾವಣೆಯ ಅರ್ಜಿ ದಿನಾ ನೋಡುವವನು.

ಜೋಡಿಗಳನ್ನು ಅಳಿಸಿದೆ. ಖಾಲಿಗಳನ್ನು ಅಳಿಸಿದೆ.
‘ಟೆಂಪ್ ಸೊನ್ನೆ ಮೂರು’,
ನನ್ನ ಯಾವ ಪಟ್ಟಿಯಲ್ಲೂ ಇರದದ್ದು,
ಅದನ್ನೂ. ಫ್ಯಾಕ್ಟರಿ ಸೈರನ್ನು ಕೂಗಿತು.
ಟೀ ಕುಡಿದು ಬಂದು ಸರ್ವರ್ ಎಬ್ಬಿಸಿದೆ.

ಹತ್ತು ನಿಮಿಷಕ್ಕೆ ಪಾಂಡವಪುರದಿಂದ
ಬೋರಯ್ಯನ ಮಗ ಫೋನು:
‘ಅಣ್ಣೋ, ಅಂಬಿಗಂಗೆ ಮಕ ಇಲ್ಲ ಕಣಣ್ಣೋ.
ದೋಣಿ ನಡಸ್ತಾವ್ನೆ, ಕಾಸು ಈಸ್ಕತಾವ್ನೆ,
ಮಕದ ಜಾಗ್ದಲ್ಲಿ ಬೆಳ್ಳಗೆ ಏನೋ ಚೌಕ.’

ಆ ಮುಖ ಮಾಡಿದವಳು ಶಕೀಲಾ, ಗುತ್ತಲು ರಸ್ತೆ.
ಸಕ್ಕರೆ ಫ್ಯಾಕ್ಟರಿ ಗೇಟಿನಲ್ಲಿ ಕೂರುವ ಅವಳ ಅಬ್ಬಾ,
ತೀರಾ ಹತ್ತಿರದಿಂದ ತೆಗೆದ ಫೋಟೋ,
ಗಡ್ಡದಲ್ಲಿ ಕಬ್ಬಿನ ಸಿಪ್ಪೆಯ ಪುಡಿ ಸಹಿತ.
‘ಸದ್ಯಕ್ಕೆ ಹಾಕಿರಿ, ಆಮೇಲೆ
ಚೆನ್ನಾಗಿರೋದು ಮಾಡ್ಕೊಡ್ತೀನಿ’ ಅಂದಿದ್ದಳು.
ಆಮೇಲೆ ಮದುವೆ, ಮೈಸೂರು, ಮಗು.

ಹಳೇ ಪೆನ್‌ಡ್ರೈವಿನಲ್ಲಿ ಸಿಕ್ಕಿತು, ಪುಣ್ಯ.
ಹೆಸರಾದರೂ ಸರಿ ಮಾಡೋಣವೆಂದು
‘ಅಂಬಿಗನ ಮುಖ’ ಎಂದು ಬರೆದೆ. ಮತ್ತೆ ಬಿಳಿ ಚೌಕ.
ದೋಣಿಯಲ್ಲಿ, ಕಡವಿನಲ್ಲಿ, ಮೂರು ಊರಿನ ಮಾತುಕತೆಯಲ್ಲಿ,
ಇಪ್ಪತ್ತೊಂದು ಕಡೆ
ಆತ ಟೆಂಪ್ ಸೊನ್ನೆ ಮೂರೇ.

ಶಕೀಲಾಳ ಅಬ್ಬಾ ಆ ಗೇಟಿನಲ್ಲಿ
ಹಂಗಾಮಿಯಾಗಿ ಹತ್ತೊಂಬತ್ತು ವರ್ಷ;
ಅವರ ಅರ್ಜಿ ನಾನೇ ಜೆರಾಕ್ಸು ಮಾಡಿದ್ದು, ಎರಡು ಸಲ.

ಹಾಗೇ ಬಿಟ್ಟೆ. ಪಟ್ಟಿಯ ತುದಿಗೆ
ಒಂದು ಟಿಪ್ಪಣಿ ಮಾತ್ರ: ‘ಅಳಿಸಬೇಡಿ.
ಯಾಕೆಂದು ಕೇಳುವವರು ಹೊಳೆ ದಾಟಿ ನೋಡಿ.’

‘ಇತರೆ’ ಅನ್ನೋ ಫೋಲ್ಡರು ಇನ್ನೂ ಉಳಿದಿದೆ.
ಎಂಟುನೂರು ಕಡತ.
ಮೊದಲನೆಯದನ್ನು ತೆರೆದೆ,
ಯಾರೋ ಕೆಮ್ಮಿದರು.